ಕಡಿಮೆ ಬೆಲೆಯ ಪೋರ್ಟ್ರೇಟ್ ಲೆನ್ಸ್: ಮೊದಲ ಕ್ಯಾಮೆರಾ ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕ್ಯಾಮೆರಾ ಮನೆಗೆ ಬಂದು ಎರಡು ಮೂರು ತಿಂಗಳಾದ ಮೇಲೆ ಫೋನ್ ಬರುತ್ತದೆ. "ಫೋಟೋ ಚೆನ್ನಾಗೇ ಬರ್ತಿದೆ, ಆದ್ರೆ ಹಿಂದೆ ಬ್ಲರ್ ಆಗ್ತಿಲ್ಲ. ಯಾವ ಲೆನ್ಸ್ ತಗೊಳ್ಳಲಿ?" ನೆಂಟರು, ಆಫೀಸಿನವರು, ಪಕ್ಕದ ಬೀದಿಯ ಹುಡುಗರು ಹೀಗೆ ಕೇಳಿ ಕೇಳಿ ನನಗೆ ಉತ್ತರ ಬಾಯಿಪಾಠ ಆಗಿದೆ. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಸ್ಟುಡಿಯೋ ಇಟ್ಟವನಲ್ಲ. ಕೆಲಸ ಬೇರೆ, ರಜೆಯಲ್ಲಿ ಮನೆಮಂದಿಯ ಫೋಟೋ ತೆಗೆಯುವವನು. ದುಡ್ಡು ಹಾಳುಮಾಡಿಕೊಂಡೇ ಕೆಲವನ್ನು ಕಲಿತಿದ್ದೇನೆ.

ಸುತ್ತಿ ಬಳಸಿ ಬೇಡ. ಯಾವುದು ತಗೊಳ್ಳಲಿ, ಅಷ್ಟು ಹೇಳಿ.

ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದರೆ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. ನಿಕಾನ್ ಡಿ3500, ಡಿ5600 ಥರದ್ದಿದ್ದರೆ ಎಎಫ್-ಎಸ್ 50 ಎಂಎಂ ಎಫ್/1.8ಜಿ. ಮನೆ ಚಿಕ್ಕದಾದರೆ ಅದೇ ನಿಕಾನ್‌ನ ಡಿಎಕ್ಸ್ 35 ಎಂಎಂ ಎಫ್/1.8ಜಿ. ಸೋನಿ ಎ6000 ಸಾಲಿನವರಿಗೆ ಇ 50 ಎಂಎಂ ಎಫ್/1.8 ಒಎಸ್‌ಎಸ್. ಕ್ಯಾನನ್ ಆರ್50, ಆರ್10 ಇದ್ದವರಿಗೆ ಆರ್‌ಎಫ್ 50 ಎಂಎಂ ಎಫ್/1.8.

ಎಂಎಂ ನಂಬರ್ ದೊಡ್ಡದಾದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ಎಳೆದು ತೋರಿಸುತ್ತದೆ. ಇಷ್ಟು ಸಾಕಾದವರು ಇಲ್ಲೇ ನಿಲ್ಲಿಸಬಹುದು. ಆದರೆ ದುಡ್ಡು ಕೊಡುವ ಮೊದಲು ಕೋಣೆ ಅಳೆಯುವ ಪ್ರಶ್ನೆಯೊಂದು ಕೆಳಗಿದೆ. ಅದನ್ನಾದರೂ ಓದಿ.

ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಸಾಲದಾ?

ಹಗಲು ಹೊತ್ತು, ಹೊರಗಡೆ ಆದರೆ ಎಷ್ಟೋ ಸಲ ಸಾಕು. ಕಿಟ್ ಲೆನ್ಸನ್ನು ಜನ ಬೈಯುವಷ್ಟು ಅದು ಕೆಟ್ಟದ್ದಲ್ಲ. ಬಳಸುವ ರೀತಿ ತಪ್ಪಿರುತ್ತದೆ, ಅಷ್ಟೇ. 18ಕ್ಕೆ ಇಟ್ಟು ಮೂಗಿನ ಹತ್ತಿರ ಹೋಗಿ ತೆಗೆಯುತ್ತೇವೆ. ಹಿಂದೆ ಎರಡಡಿಯಲ್ಲೇ ಗೋಡೆ. ಬ್ಲರ್ ಎಲ್ಲಿಂದ ಬರಬೇಕು?

ಒಂದು ಸಲ ಹೀಗೆ ಮಾಡಿ ನೋಡಿ. ಝೂಮನ್ನು 55ಕ್ಕೆ ತಿರುಗಿಸಿ. ಎ ಅಥವಾ ಎವಿ ಮೋಡ್‌ನಲ್ಲಿ (ಎಫ್ ನಂಬರನ್ನು ನಾವೇ ಆರಿಸುವ ಮೋಡ್) ಎಫ್/5.6 ಇಡಿ. ಕೂತವರಿಂದ ನೀವು ಐದಾರು ಅಡಿ ದೂರ. ಅವರ ಹಿಂದೆ ಇಪ್ಪತ್ತಡಿಯಾದರೂ ಖಾಲಿ ಇರಲಿ. ಅಂಗಳ, ತೋಟ, ಪಾರ್ಕು ಯಾವುದಾದರೂ ಸರಿ. ಬಂದ ಫೋಟೋ ನೋಡಿ "ಇಷ್ಟೇ ಸಾಕಿತ್ತಲ್ಲ" ಅನ್ನಿಸಿದರೆ ನಿಮ್ಮ ದುಡ್ಡು ಉಳಿಯಿತು.

ಕಿಟ್ ಲೆನ್ಸ್ ಸೋಲುವುದು ಮನೆಯೊಳಗೆ, ಸಂಜೆ ಹೊತ್ತಲ್ಲಿ. ಅಲ್ಲಿ ಅದಕ್ಕೆ ಬೆಳಕು ಸಾಲುವುದಿಲ್ಲ.

ಎಫ್/1.8 ಅಂದರೆ ಏನು? ನಂಬರ್ ಚಿಕ್ಕದಿದ್ದರೆ ಒಳ್ಳೆಯದಾ?

ಲೆನ್ಸಿನ ಎಂಎಂ ಅನ್ನು ಆ ನಂಬರಿನಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಬಾಯಿಯ, ಅಂದರೆ ಅಪರ್ಚರ್‌ನ, ಅಗಲ ಸಿಗುತ್ತದೆ. 50 ಭಾಗಿಸು 1.8 ಅಂದರೆ ಸುಮಾರು 28 ಎಂಎಂ. ಕಿಟ್ ಲೆನ್ಸಿನ 55 ಭಾಗಿಸು 5.6 ಅಂದರೆ ಹತ್ತೇ ಹತ್ತು. ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕಿಂಡಿ ಒಂದು, ಅಂಗಿ ಗುಂಡಿಯಷ್ಟು ಕಿಂಡಿ ಇನ್ನೊಂದು.

ಬೆಳಕಿನ ಲೆಕ್ಕದಲ್ಲಿ ಎಫ್/5.6ಕ್ಕಿಂತ ಎಫ್/1.8ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಜಾಸ್ತಿ ಬೆಳಕು ಸೆನ್ಸರಿಗೆ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಬೀಳುತ್ತದೆ. ನನ್ನ ಪ್ರಕಾರ ಈ ಲೆನ್ಸ್ ಕೊಳ್ಳಲು ಬ್ಲರ್‌ಗಿಂತ ಇದೇ ದೊಡ್ಡ ಕಾರಣ.

35 ತಗೊಳ್ಳಲಾ, 50 ತಗೊಳ್ಳಲಾ, 85 ತಗೊಳ್ಳಲಾ?

ಇದಕ್ಕೆ ಉತ್ತರ ಕ್ಯಾಮೆರಾ ಅಂಗಡಿಯಲ್ಲಿಲ್ಲ. ನಿಮ್ಮ ಮನೆಯ ಹಾಲ್‌ನಲ್ಲಿದೆ. ಟೇಪು ಹಿಡಿದು ಅಳೆಯಿರಿ.

ಕ್ಯಾನನ್ 1500ಡಿ ಥರದ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದಿದ್ದೀರಿ ಅಂದುಕೊಳ್ಳಿ. 50 ಎಂಎಂನಲ್ಲಿ ಸೊಂಟದವರೆಗಿನ ಫೋಟೋಗೆ ಆರೂವರೆ ಅಡಿ ದೂರ ಬೇಕು. ತಲೆಯಿಂದ ಕಾಲಿನವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ತೆಗೆಯಲು ಸುಮಾರು ಹದಿನೈದು ಅಡಿ. 35 ಎಂಎಂ ಆದರೆ ಇಡೀ ಆಳಿಗೆ ಹತ್ತು ಹತ್ತೂವರೆ ಅಡಿಯಲ್ಲಿ ಕೆಲಸ ಮುಗಿಯುತ್ತದೆ. 85 ಎಂಎಂಗೆ ಸೊಂಟದವರೆಗೇ ಹನ್ನೊಂದು ಅಡಿ, ಪೂರ್ತಿ ಆಳಿಗೆ ಇಪ್ಪತ್ತೈದು ಅಡಿ.

ನಮ್ಮ ಮನೆಗಳಲ್ಲಿ ಹತ್ತಡಿ ಹತ್ತಡಿ ರೂಮು ಮಾಮೂಲು. ಅದರಲ್ಲಿ ಮಂಚ, ಬೀರು ಕಳೆದರೆ ಉಳಿಯುವುದೆಷ್ಟು? ಅಲ್ಲಿ 85 ಹಿಡಿದು ನಿಂತರೆ ಬೆನ್ನು ಗೋಡೆಗೆ ಒತ್ತಿರುತ್ತದೆ, ಫ್ರೇಮಿನಲ್ಲಿ ಮುಖ ಮಾತ್ರ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದರೆ ದುಡ್ಡಲ್ಲ, ರೂಮಿನ ಉದ್ದ.

ದುಡ್ಡಿಲ್ಲದೆ ಪರೀಕ್ಷೆ ಮಾಡುವ ದಾರಿಯೂ ಇದೆ. ಕಿಟ್ ಲೆನ್ಸಿನ ಝೂಮ್ ರಿಂಗನ್ನು 50ಕ್ಕೆ ಇಟ್ಟು ಮೇಲೆ ಒಂದು ತುಂಡು ಸೆಲ್ಲೋಟೇಪ್ ಹಚ್ಚಿ. ಒಂದು ಭಾನುವಾರ ಪೂರ್ತಿ ಅದರಲ್ಲೇ ತೆಗೆಯಿರಿ. ಮುಂದಿನ ಭಾನುವಾರ 35ಕ್ಕೆ. ಯಾವ ದಿನ ಜಾಸ್ತಿ ಸಲ ಗೋಡೆಗೆ ಗುದ್ದಿಕೊಂಡಿರಿ, ಯಾವ ದಿನ "ಇನ್ನೂ ಹತ್ತಿರ ಬೇಕಿತ್ತು" ಅನ್ನಿಸಿತು, ಅದರಲ್ಲೇ ಉತ್ತರ ಸಿಗುತ್ತದೆ.

ಪೋರ್ಟ್ರೇಟ್‌ಗೆ 85 ಎಂಎಂ ಅಂತ ಎಲ್ಲರೂ ಹೇಳ್ತಾರಲ್ಲ?

ಅವರು ಹೇಳುವುದು ಫುಲ್ ಫ್ರೇಮ್ ಕ್ಯಾಮೆರಾಕ್ಕೆ. ಅಂದರೆ ಹಳೇ 35 ಎಂಎಂ ಫಿಲಂ ಅಳತೆಯ ಸೆನ್ಸರ್ ಇರುವುದಕ್ಕೆ. ನಮ್ಮ ನಿಮ್ಮ ಮೊದಲ ಕ್ಯಾಮೆರಾಗಳಲ್ಲಿ ಸೆನ್ಸರ್ ಅದಕ್ಕಿಂತ ಚಿಕ್ಕದು. ಕ್ಯಾನನ್‌ನಲ್ಲಿ 1.6ರಿಂದ, ನಿಕಾನ್ ಸೋನಿಯಲ್ಲಿ 1.5ರಿಂದ ಗುಣಿಸಿ. 50 ಎಂಎಂ ನಿಮ್ಮ ಕೈಯಲ್ಲಿ 80 ಅಥವಾ 75ರ ಹಾಗೆ ಕಾಣುತ್ತದೆ. ಅವರು ಹೊಗಳುವ 85ರ ನೋಟ ನಿಮಗೆ 50ರಲ್ಲೇ ಸಿಕ್ಕಿತು, ಅದೂ ಕಡಿಮೆ ದುಡ್ಡಿಗೆ.

ಮುಖ ಚೆನ್ನಾಗಿ ಕಾಣುವುದು ಲೆನ್ಸಿನಿಂದ ತಾನೇ?

ಅಲ್ಲ. ದೂರದಿಂದ. ಇದೊಂದನ್ನು ನಾನು ಎಲ್ಲರಿಗೂ ಹೇಳಿ ಜಗಳ ಆಡಿದ್ದೇನೆ.

ಮೂಗಿನ ತುದಿಯಿಂದ ಕಿವಿಗೆ ಹೆಚ್ಚುಕಡಿಮೆ 12 ಸೆಂಟಿಮೀಟರ್ ಇಟ್ಟುಕೊಳ್ಳಿ. ನೀವು ಒಂದೂವರೆ ಅಡಿಯಲ್ಲಿ ನಿಂತು ತೆಗೆದರೆ ಕ್ಯಾಮೆರಾದಿಂದ ಮೂಗಿಗೆ 45, ಕಿವಿಗೆ 57. ಕಿವಿಗೆ ಹೋಲಿಸಿದರೆ ಮೂಗು ಕಾಲು ಭಾಗ ದಪ್ಪ ಕಾಣುತ್ತದೆ. ಆರಡಿಯಲ್ಲಿ ನಿಂತರೆ ಮೂಗಿಗೆ 180, ಕಿವಿಗೆ 192. ವ್ಯತ್ಯಾಸ ನೂರಕ್ಕೆ ಏಳೂ ಇಲ್ಲ. ಫೋನ್ ಸೆಲ್ಫಿಯಲ್ಲಿ ಮೂಗು ಆಲೂಗಡ್ಡೆ ಆಗುವುದು ಇದಕ್ಕೇ.

50 ಎಂಎಂ ಮಾಡುವ ಉಪಕಾರ ಏನೆಂದರೆ, ಮುಖ ಫ್ರೇಮಿನಲ್ಲಿ ಹಿಡಿಯಬೇಕಾದರೆ ನಿಮ್ಮನ್ನು ತಾನಾಗಿ ನಾಲ್ಕೈದು ಅಡಿ ಹಿಂದೆ ತಳ್ಳುತ್ತದೆ. 18ಕ್ಕಿಟ್ಟ ಕಿಟ್ ಲೆನ್ಸ್ ಹತ್ತಿರ ಎಳೆದುಕೊಳ್ಳುತ್ತದೆ. ಆಮೇಲೆ ಫೋಟೋ ನೋಡಿ ಅತ್ತಿಗೆ ಮುನಿಸಿಕೊಳ್ಳುತ್ತಾರೆ.

ನನ್ನ ಹತ್ತಿರ ಎರಡು ಲೆನ್ಸಿನ ಡಬಲ್ ಕಿಟ್ ಇದೆ. 55-250ರಲ್ಲಿ ಆಗಲ್ವಾ?

ಆಗುತ್ತದೆ, ಬ್ಲರ್ ಚೆನ್ನಾಗಿಯೇ ಬರುತ್ತದೆ. ಮೇಲಿನ ಭಾಗಾಕಾರವನ್ನೇ ಮಾಡಿ. 250 ಭಾಗಿಸು 5.6 ಅಂದರೆ ಸುಮಾರು 45. ಮುಖ ಫ್ರೇಮಿನಲ್ಲಿ ಒಂದೇ ಗಾತ್ರಕ್ಕೆ ಬರುವಂತೆ ತೆಗೆದರೆ, ತುಂಬಾ ದೂರದ ಹಿನ್ನೆಲೆ ಕರಗುವುದು ಈ ನಂಬರಿನ ಪ್ರಕಾರ. 50 ಎಫ್/1.8ಕ್ಕೆ 28 ಇತ್ತು, ನೆನಪಿದೆಯಲ್ಲ? ಅಂದರೆ 55-250 ಅದನ್ನು ಮೀರಿಸುತ್ತದೆ. 85 ಎಫ್/1.8ರ 47ಕ್ಕೆ ಸಮ ಬರುತ್ತದೆ.

ತೊಂದರೆ ಬೇರೆ. ಸೊಂಟದವರೆಗಿನ ಫೋಟೋಗೆ 250ರಲ್ಲಿ ಮೂವತ್ಮೂರು ಅಡಿ ದೂರ ನಿಲ್ಲಬೇಕು. "ಸ್ವಲ್ಪ ಗದ್ದ ಎತ್ತಿ" ಅನ್ನುವುದನ್ನೂ ಕೂಗಿ ಹೇಳಬೇಕು. ನಾಚಿಕೆ ಸ್ವಭಾವದವರು ಅಷ್ಟರಲ್ಲೇ ಗಟ್ಟಿಯಾಗಿ ಕೂತುಬಿಡುತ್ತಾರೆ. ಬಿಸಿಲಿದ್ದು ಬಯಲಿದ್ದರೆ ಮಾತ್ರ ಇದು. ಆದರೂ ಡಬಲ್ ಕಿಟ್ ಇದ್ದವರು 50 ಕೊಳ್ಳುವ ಮೊದಲು ಒಂದು ದಿನ ಇದನ್ನು 135 ಅಥವಾ 150ಕ್ಕೆ ಇಟ್ಟು ನೋಡಲೇಬೇಕು. ಖರ್ಚಿಲ್ಲದ ಕೆಲಸ.

ಕ್ಯಾನನ್ 50 ಎಂಎಂನಲ್ಲಿ ಹಳೇದು ಹೊಸದು ಅಂತ ಇದೆಯಂತೆ. ವ್ಯತ್ಯಾಸ ಏನು?

ಹಳೇದಕ್ಕೆ 50 ಎಂಎಂ ಎಫ್/1.8 ಟೂ ಅಂತ ಹೆಸರು. ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ಕೂಡ ಪ್ಲಾಸ್ಟಿಕ್, ಫೋಕಸ್ ಮಾಡುವಾಗ ಗೊರಗೊರ ಸದ್ದು. 2015ರಲ್ಲಿ ಎಸ್‌ಟಿಎಂ ಬಂತು. ಮೌಂಟ್ ಲೋಹದ್ದಾಯಿತು, ಸದ್ದು ಕಡಿಮೆ ಆಯಿತು, ಅಪರ್ಚರ್ ಎಲೆಗಳು ಐದಿದ್ದದ್ದು ಏಳಾದವು. ಎಲೆ ಜಾಸ್ತಿ ಆದರೆ ಹಿಂದಿನ ದೀಪಗಳು ದುಂಡಗೆ ಕಾಣುತ್ತವೆ. ಹಳೇದರಲ್ಲಿ ಸ್ವಲ್ಪ ಅಪರ್ಚರ್ ಇಳಿಸಿದರೂ ದೀಪಾವಳಿ ದೀಪಗಳು ಪಂಚಕೋನ ಆಗುತ್ತಿದ್ದವು. ಹತ್ತಿರದ ಫೋಕಸ್ 45 ಸೆಂ.ಮೀ.ನಿಂದ 35ಕ್ಕೆ ಬಂತು. ತೂಕ 160 ಗ್ರಾಂ. ಹೊಸದು ಹತ್ತು ಸಾವಿರ ರೂಪಾಯಿ ಆಸುಪಾಸು.

ಹಳೇದು ತೀರಾ ಅಗ್ಗಕ್ಕೆ ಸಿಕ್ಕರೆ? ಬಿಡಿ. ಎಸ್‌ಟಿಎಂಗೇ ಹೋಗಿ.

ಎಸ್‌ಟಿಎಂನಲ್ಲಿ ಒಂದು ಎಚ್ಚರಿಕೆ. ಹತ್ತಿರದ್ದಕ್ಕೆ ಫೋಕಸ್ ಮಾಡಿದಾಗ ಮುಂದಿನ ಕೊಳವೆ ಸ್ವಲ್ಪ ಹೊರಗೆ ಬರುತ್ತದೆ. ಹಾಗೇ ಬ್ಯಾಗಿಗೆ ತುರುಕಬೇಡಿ. ದೂರದ ಮರಕ್ಕೋ ಕಂಬಕ್ಕೋ ಫೋಕಸ್ ಮಾಡಿ, ಅದು ಒಳಗೆ ಹೋದ ಮೇಲೆ ಆಫ್ ಮಾಡಿ.

ನಿಕಾನ್‌ಗೆ ಯಾವ 50 ಎಂಎಂ ಆದರೂ ನಡೆಯುತ್ತಾ?

ಕೂರುತ್ತದೆ, ಆದರೆ ನಡೆಯುವುದಿಲ್ಲ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ.

ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಲೆನ್ಸಿನಲ್ಲೇ ಇರಬೇಕು. ಲೆನ್ಸಿನ ಹೆಸರು ಎಎಫ್-ಎಸ್ ಅಂತ, ಡಿ3500, ಡಿ5600 ಥರದ ಹೊಸ ಬಾಡಿಗಳಲ್ಲಾದರೆ ಎಎಫ್-ಪಿ ಅಂತಲೂ, ಶುರುವಾಗಬೇಕು. ಬರೀ ಎಎಫ್ ಅಂತ ಇದ್ದು ಕೊನೆಗೆ ಡಿ ಅಕ್ಷರ ಇರುವ 50 ಎಂಎಂ ಎಫ್/1.8ಡಿ ಅಗ್ಗಕ್ಕೆ ಸಿಗುತ್ತದೆ. ಒಳ್ಳೆಯ ಲೆನ್ಸೇ. ಆದರೆ ಡಿ3500ಗೆ ಹಾಕಿದರೆ ಆಟೋಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಡಿ7000 ಸಾಲಿನಲ್ಲಿ ಮೋಟಾರ್ ಇದೆ, ಅವರಿಗೆ ಚಿಂತೆ ಇಲ್ಲ.

ಡಿ3500, ಡಿ5600 ಈಗ ಹೊಸದಾಗಿ ತಯಾರಾಗುತ್ತಿಲ್ಲ. ಆದ್ದರಿಂದ ಇವುಗಳ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಚೆನ್ನಾಗಿ ಸಿಗುತ್ತವೆ. 2009ರಿಂದ ಇರುವ ಡಿಎಕ್ಸ್ 35 ಎಂಎಂ ಎಫ್/1.8ಜಿ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ. 200 ಗ್ರಾಂ, 30 ಸೆಂ.ಮೀ. ಹತ್ತಿರದಿಂದ ಫೋಕಸ್. ಹಾಲ್‌ನಲ್ಲಿ ಆಡುವ ಮಗು, ಅಡುಗೆಮನೆಯಲ್ಲಿ ಅಮ್ಮ, ಜೊತೆಗೆ ಸುತ್ತಲಿನ ಮನೆಯೂ ಸ್ವಲ್ಪ ಕಾಣುತ್ತದೆ. ಮುಖವೊಂದೇ ಬೇಕಾದವರಿಗೆ ಮಾತ್ರ 50.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಂಡಿದ್ದೇನೆ. ಹಳೇ ಡಿಎಸ್‌ಎಲ್‌ಆರ್ ಲೆನ್ಸ್ ಹಾಕಬಹುದಾ?

ಕ್ಯಾನನ್ ಆರ್‌ಎಫ್ ಮೌಂಟಿಗೆ ಅಡಾಪ್ಟರ್ (ಲೆನ್ಸ್ ಕ್ಯಾಮೆರಾ ನಡುವೆ ಜೋಡಿಸುವ ರಿಂಗ್) ಹಾಕಿದರೆ ಇಎಫ್ ಲೆನ್ಸ್ ಪೂರ್ತಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ. ಮನೆಯಲ್ಲಿ ಇಎಫ್ 50 ಆಗಲೇ ಇದ್ದರೆ ಅಡಾಪ್ಟರ್ ಸಾಕು. ಇಲ್ಲದಿದ್ದರೆ ನೇರವಾಗಿ 2020ರಲ್ಲಿ ಬಂದ ಆರ್‌ಎಫ್ 50 ಎಫ್/1.8 ತಗೊಳ್ಳಿ. ಅಡಾಪ್ಟರ್ ಖರ್ಚು ಉಳಿಯುತ್ತದೆ, ಕ್ಯಾಮೆರಾ ಮುಂದೆ ಕೊಳವೆ ಥರ ಉದ್ದ ಆಗುವುದೂ ತಪ್ಪುತ್ತದೆ. ಆದರೆ ಆರ್‌ಎಫ್ ಲೆನ್ಸ್ ಡಿಎಸ್‌ಎಲ್‌ಆರ್‌ಗೆ ಹಾಕಲು ಬರುವುದಿಲ್ಲ. ಎಷ್ಟೋ ಜನ ಹೆಸರಲ್ಲಿ 50 ನೋಡಿ ತಪ್ಪು ಡಬ್ಬ ತರುತ್ತಾರೆ.

ನಿಕಾನ್ ಝಡ್ 50, ಝಡ್ 30 ಇದ್ದವರಿಗೆ ಝಡ್ 40 ಎಂಎಂ ಎಫ್/2 ಹಗುರ, ಚೊಕ್ಕ. 170 ಗ್ರಾಂ. ಸೋನಿಯವರಿಗೆ ಇ 50 ಎಫ್/1.8ರಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಲೆನ್ಸಿನಲ್ಲೇ ಇದೆ. ಎ6000, ಎ6400 ಬಾಡಿಗಳಲ್ಲಿ ಅದಿಲ್ಲ, ಹಾಗಾಗಿ ಉಪಯೋಗಕ್ಕೆ ಬರುತ್ತದೆ. ಎಫ್‌ಇ 50 ಎಫ್/1.8 ಅಂತ ಇನ್ನೊಂದಿದೆ. ಹೆಸರು ಒಂದೇ ಥರ, ಆದರೆ ಅದರಲ್ಲಿ ಆ ವ್ಯವಸ್ಥೆ ಇಲ್ಲ. ಡಬ್ಬದ ಮೇಲೆ ಒಎಸ್‌ಎಸ್ ಇದೆಯಾ ನೋಡಿ ತಗೊಳ್ಳಿ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಸಿಗ್ಮಾ 56 ಎಂಎಂ ಎಫ್/1.4 ಚೆನ್ನಾಗಿದೆ. ಆದರೆ ಆಗ "ಕಡಿಮೆ ಬೆಲೆ" ಅನ್ನುವ ಮಾತು ಬಿಡಬೇಕು.

ಚೀನಾದ ಯಾಂಗ್‌ನುವೊ ಕಂಪನಿಯ 50 ಎಂಎಂ ಇನ್ನೂ ಅಗ್ಗ. ತಗೊಳ್ಳಲಾ?

ಕ್ಯಾನನ್‌ನದೇ ಅಷ್ಟು ಕಡಿಮೆಗೆ ಸಿಗುವಾಗ ಬೇಡ. ಫೋಕಸ್ ಮೇಲೆ ನನಗೆ ನಂಬಿಕೆ ಬಂದಿಲ್ಲ. ಉಳಿಸಿದ ದುಡ್ಡು ಫೋಕಸ್ ತಪ್ಪಿದ ಫೋಟೋಗಳಲ್ಲಿ ಹೋಗುತ್ತದೆ.

ಅಪ್ಪನ ಕಾಲದ ಫಿಲಂ ಕ್ಯಾಮೆರಾ ಬೀರುವಿನಲ್ಲಿದೆ. ಅದರ ಲೆನ್ಸ್ ಉಪಯೋಗಕ್ಕೆ ಬರುತ್ತಾ?

ಬರಬಹುದು, ಆಟಕ್ಕೆ. ನಿಕಾನ್ ಮ್ಯಾನುಯಲ್ ಲೆನ್ಸ್ ಡಿ3500ಗೆ ಕೂರುತ್ತದೆ. ಆದರೆ ಕ್ಯಾಮೆರಾ ಬೆಳಕು ಅಳೆಯುವುದಿಲ್ಲ. ಎಲ್ಲವನ್ನೂ ನಾವೇ ಇಡುವ ಎಂ ಮೋಡ್‌ನಲ್ಲಿಟ್ಟು, ಒಂದು ಫೋಟೋ ತೆಗೆದು ನೋಡಿ, ಶಟರ್ ವೇಗ ಹೆಚ್ಚುಕಡಿಮೆ ಮಾಡಬೇಕು. ಫೋಕಸ್ ಕೈಯಲ್ಲಿ. ವ್ಯೂಫೈಂಡರ್ ಮೂಲೆಯಲ್ಲಿ ಹಸಿರು ಚುಕ್ಕೆ ಹೊತ್ತಿದರೆ ಫೋಕಸ್ ಸರಿಯಾಗಿದೆ ಅಂತ ಅರ್ಥ.

ಹಳೇ ಕ್ಯಾನನ್ ಎಫ್‌ಡಿ ಲೆನ್ಸ್ ಇದ್ದರೆ ಈಗಿನ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹೊಂದುವುದಿಲ್ಲ. ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ್ದು ಫೋಕಸ್ ಆಗದು. ವಿಚಿತ್ರ ನೋಡಿ, ಅದೇ ಲೆನ್ಸ್ ಮಿರರ್‌ಲೆಸ್‌ಗೆ ಅಗ್ಗದ ಅಡಾಪ್ಟರ್‌ನಲ್ಲಿ ಸಲೀಸಾಗಿ ಕೂರುತ್ತದೆ. ಬೀರುವಿನಿಂದ ತೆಗೆದ ತಕ್ಷಣ ಹಾಕಬೇಡಿ. ಫಂಗಸ್ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

50 ತಗೊಂಡೆ. ಹಿಂದೆ ಬ್ಲರ್ ಬರ್ತಿದೆ, ಆದರೆ ಮುಖವೂ ಮಂಜು ಮಂಜು. ಲೆನ್ಸ್ ಕೆಟ್ಟಿದೆಯಾ?

ಲೆನ್ಸ್ ಸರಿಯಾಗೇ ಇರುತ್ತದೆ. ನನ್ನ ಕಥೆ ಹೇಳುತ್ತೇನೆ.

50 ಬಂದ ಮೊದಲ ವಾರ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿದೆ. ಬೆಳಗಿನ ಎಂಟು ಗಂಟೆ, ಓರೆಯಾಗಿ ಬಿದ್ದ ಬೆಳಕು, ಹಿಂದೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ. ನಾಲ್ಕಡಿ ದೂರದಲ್ಲಿ ಕೂತು ಎಫ್/1.8ರಲ್ಲಿ ಮೂವತ್ತು ನಲವತ್ತು ಫೋಟೋ ತೆಗೆದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಬಂಗಾರ. ಸಂಜೆ ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದರೆ ಎಲ್ಲದರಲ್ಲೂ ಮೂಗುಬಟ್ಟು ಚಕಚಕ. ಅದರ ಒಂದೊಂದು ಹರಳೂ ಎಣಿಸಬಹುದು. ಕಣ್ಣು ಮಾತ್ರ ಹೊಗೆಯಲ್ಲಿ ಅದ್ದಿದ ಹಾಗೆ.

ಆಗಿದ್ದು ಇಷ್ಟು. ಎಲ್ಲಿ ಫೋಕಸ್ ಮಾಡಬೇಕು ಅಂತ ಕ್ಯಾಮೆರಾನೇ ಆರಿಸುವ ಆಟೋ ಏರಿಯಾಕ್ಕೆ ಬಿಟ್ಟಿದ್ದೆ. ಅದು ಎದ್ದು ಕಾಣುವ, ಹತ್ತಿರದ ಹೊಳಪನ್ನು ಹಿಡಿಯಿತು. ನಾಲ್ಕಡಿಯಲ್ಲಿ 50 ಎಂಎಂ ಎಫ್/1.8ಕ್ಕೆ ಸ್ಪಷ್ಟವಾಗಿ ಬರುವ ಆಳ ಒಟ್ಟು ನಾಲ್ಕು ಸೆಂಟಿಮೀಟರ್. ಮುಂದೆ ಎರಡು, ಹಿಂದೆ ಎರಡು. ಮೂಗಿನ ಮೇಲೆ ಫೋಕಸ್ ಆದರೆ ಕಣ್ಣು ಅದರಾಚೆ ಹೋಯಿತು.

ಮಾಡಬೇಕಾದ್ದು ಎರಡೇ. ಫೋಕಸ್ ಪಾಯಿಂಟ್ ಒಂದೇ ಇಟ್ಟುಕೊಂಡು ಅದನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. 1500ಡಿಯಲ್ಲಿ ಒಂಬತ್ತು ಪಾಯಿಂಟ್ ಇವೆ, ನಡುವಿನದ್ದೇ ಗಟ್ಟಿ. ನಡುವಿನದನ್ನು ಬಳಸಿ ಆಮೇಲೆ ಫ್ರೇಮ್ ಸರಿಸುವವರು ಕ್ಯಾಮೆರಾವನ್ನು ಜಾಸ್ತಿ ಅಲುಗಿಸಬೇಡಿ, ಅಷ್ಟರಲ್ಲೇ ಎರಡು ಸೆಂ.ಮೀ. ಕಳೆದುಹೋಗುತ್ತದೆ. ಎರಡನೆಯದು, ಎಫ್/2.8ಕ್ಕೆ ಇಳಿಸಿ. ಅದೇ ನಾಲ್ಕಡಿಯಲ್ಲಿ ಆಳ ಆರು ಸೆಂ.ಮೀ. ಆಗುತ್ತದೆ, ಲೆನ್ಸೂ ಇನ್ನಷ್ಟು ಚುರುಕಾಗುತ್ತದೆ. ಅಂಗಳ ಹೇಗೂ ಕರಗೇ ಇರುತ್ತದೆ. 1.8ಕ್ಕೆ ದುಡ್ಡು ಕೊಟ್ಟಿದ್ದೇವೆ ಅಂತ 1.8ರಲ್ಲೇ ತೆಗೆಯಬೇಕಾಗಿಲ್ಲ.

ಮಿರರ್‌ಲೆಸ್‌ನವರಿಗೆ ಕಣ್ಣು ಗುರುತಿಸುವ ಫೋಕಸ್ ಇರುತ್ತದೆ, ಅದನ್ನು ಆನ್ ಮಾಡಿದರೆ ಈ ಗೋಳು ಬಹಳ ಮಟ್ಟಿಗೆ ತಪ್ಪುತ್ತದೆ. ಅಜ್ಜಿ ಮಾತ್ರ ಮೂಗುಬಟ್ಟಿನ ಫೋಟೋನೇ ಚೆನ್ನಾಗಿದೆ ಅಂದರು.

ಗಂಡ ಹೆಂಡತಿ ಇಬ್ಬರ ಫೋಟೋ. ಒಬ್ಬರು ಬ್ಲರ್ ಆಗ್ತಾರೆ.

ಇಬ್ಬರ ಕಣ್ಣೂ ನಿಮ್ಮಿಂದ ಒಂದೇ ದೂರದಲ್ಲಿರಲಿ. ಎಫ್/4 ಇಡಿ. ಮೂರು ಜನಕ್ಕಿಂತ ಜಾಸ್ತಿ ಆದರೆ 50 ಒಳಗಿಟ್ಟು ಕಿಟ್ ಲೆನ್ಸ್ ಹಾಕಿ, ಎಫ್/8.

ಕತ್ತಲಲ್ಲಿ ನಿಜವಾಗಲೂ ಅಷ್ಟು ವ್ಯತ್ಯಾಸ ಆಗುತ್ತಾ?

ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ನನಗೆ ಇದು ಮನದಟ್ಟಾಯಿತು. ಆಟ ಶುರುವಾಗುವ ಮೊದಲು ವೇಷಧಾರಿಗಳು ಸಾಲಾಗಿ ಕೂತು, ಮುಂದೆ ಕನ್ನಡಿ ಇಟ್ಟುಕೊಂಡು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಬೆಳಕು ಅಂದರೆ ಮೇಲೆ ನೇತು ಹಾಕಿದ ಬಲ್ಬು. ಅಲ್ಲಿ ಫ್ಲ್ಯಾಶ್ ಹೊಡೆದರೆ ಕನ್ನಡಿಯಿಂದ ಅವರ ಕಣ್ಣಿಗೇ ರಾಚುತ್ತದೆ. ಹಣೆಗೆ ನಾಮ ಎಳೆಯುತ್ತಿರುವವರ ಕೈ ಅಲುಗಿದರೆ ಮತ್ತೆ ಒರೆಸಿ ಬರೆಯಬೇಕು. ಆದ್ದರಿಂದ ಮೊದಲು ಕೇಳಿಕೊಂಡು, ಫ್ಲ್ಯಾಶ್ ಮುಚ್ಚಿಟ್ಟು ಒಂದು ಬದಿಗೆ ಕೂತೆ.

ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) 1600, ಎಫ್/2, ಶಟರ್ 1/160 ಸೆಕೆಂಡ್. ಕೈ ಓಡುತ್ತಿದ್ದರೂ ಮುಖ ಸ್ಪಷ್ಟವಾಗಿ ಬಂತು. ಅದೇ ಜಾಗದಲ್ಲಿ ಅದೇ ಐಎಸ್‌ಒಗೆ ಕಿಟ್ ಲೆನ್ಸಿನ ಎಫ್/5.6 ಆಗಿದ್ದರೆ ಶಟರ್ 1/20ಕ್ಕೆ ಇಳಿಯುತ್ತಿತ್ತು. ಕಿಟ್ ಲೆನ್ಸಿನ ಐಎಸ್ ಅಥವಾ ವಿಆರ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿನವರ ಅಲುಗಾಟವನ್ನಲ್ಲ. 50 ಎಂಎಂನಲ್ಲಿ ಜನರ ಫೋಟೋಗೆ ನಾನು 1/125ಕ್ಕಿಂತ ಕೆಳಗೆ ಹೋಗುವುದಿಲ್ಲ. ಮಕ್ಕಳಾದರೆ 1/250.

ಅಲ್ಲೇ ಇನ್ನೊಂದು ಕಲಿತೆ. ಕನ್ನಡಿಯೊಳಗಿನ ಮುಖಕ್ಕೆ ಫೋಕಸ್ ಮಾಡುವಾಗ ಲೆನ್ಸಿಗೆ ಕನ್ನಡಿಯ ದೂರ ಒಂದೇ ಸಾಲದು. ನನ್ನಿಂದ ಕನ್ನಡಿಗೆ ನಾಲ್ಕಡಿ, ಕನ್ನಡಿಯಿಂದ ಅವರ ಮುಖಕ್ಕೆ ಎರಡಡಿ, ಒಟ್ಟು ಆರಡಿಗೆ ಫೋಕಸ್. ಹಾಗಾಗಿ ಕನ್ನಡಿಯ ಕಟ್ಟು, ಗಾಜಿನ ಮೇಲಿನ ಬಣ್ಣದ ಬೆರಳಚ್ಚು ಎಲ್ಲ ಕರಗಿಹೋಗಿ, ಒಳಗಿನ ಮುಖ ಒಂದೇ ಉಳಿಯಿತು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಧಾರಾಳವಾಗಿ. ಇಂಥ ಲೆನ್ಸನ್ನು ಕೊಂಡು ನಾಲ್ಕು ಸಲ ಬಳಸಿ ಬೀರುವಿಗೆ ಸೇರಿಸಿದವರು ಊರು ತುಂಬಾ ಇದ್ದಾರೆ.

ಆದರೆ ನೋಡಿ ತಗೊಳ್ಳಿ. ನಾನು ಒಂದು ಲೆನ್ಸನ್ನು ದರ್ಶಿನಿ ಹೋಟೆಲಿನಲ್ಲಿ ನಿಂತು, ಕಾಫಿ ಕುಡಿಯುತ್ತ, ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿ ಕೊಂಡೆ. ಗಾಜು ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದು ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗೆ ಜೇಡರ ಬಲೆ ಥರ ಬಿಳಿ ಎಳೆಗಳು. ಫಂಗಸ್. ಮಾರಿದವರ ಫೋನ್ ಆಮೇಲೆ ಹತ್ತಲಿಲ್ಲ.

ಈಗ ಹೋಗುವಾಗ ನನ್ನ ಕ್ಯಾಮೆರಾ ಬಾಡಿ, ಒಂದು ಚಿಕ್ಕ ಟಾರ್ಚ್ ಒಯ್ಯುತ್ತೇನೆ. ಫೋನಿನ ಟಾರ್ಚೂ ಆದೀತು. ಎರಡೂ ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು ನೋಡುತ್ತೇನೆ. ನಾಲ್ಕು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಕಾಣುವುದಿಲ್ಲ. ಎಳೆ ಎಳೆಯಾಗಿ ಹಬ್ಬಿದ್ದು, ಹೊಗೆ ಹಿಡಿದಂತಿದ್ದು ಕಂಡರೆ ಕೈಮುಗಿದು ಬನ್ನಿ. ಆಮೇಲೆ ಕ್ಯಾಮೆರಾಗೆ ಹಾಕಿ ಹತ್ತಿರ, ದೂರ, ಹತ್ತಿರ ಅಂತ ಹತ್ತು ಸಲ ಫೋಕಸ್ ಮಾಡಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಎಫ್/1.8ರಲ್ಲಿ ಒಂದು, ಎಫ್/16ರಲ್ಲಿ ಒಂದು ತೆಗೆಯಿರಿ. ಎರರ್ ಬಂದರೆ ಅಪರ್ಚರ್ ಎಲೆಗಳ ತೊಂದರೆ ಇರಬಹುದು. ಮುಂದಿನ ರಿಂಗ್ ನೆಗ್ಗಿದ್ದರೆ ಬಿದ್ದ ಲೆನ್ಸು. ಬಿಲ್ ಇದ್ದರೆ ನೋಡಿ. "ಇಂಪೋರ್ಟೆಡ್" ಅಂತ ಬಿಲ್ಲಿಲ್ಲದೆ ಕೊಡುವ ಹೊಸ ಲೆನ್ಸಿಗೆ ಸಾಮಾನ್ಯವಾಗಿ ಇಲ್ಲಿನ ಕಂಪನಿ ವಾರಂಟಿ ಸಿಗುವುದಿಲ್ಲ.

ಮಳೆಗಾಲದಲ್ಲಿ ಲೆನ್ಸ್ ಹೇಗೆ ಇಟ್ಟುಕೊಳ್ಳಲಿ?

ಮಲೆನಾಡು, ಕರಾವಳಿಯವರು ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಲೆನ್ಸ್ ಬಿಟ್ಟೀತೇ?

ಕ್ಯಾಮೆರಾ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಬಟ್ಟೆ, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅಡುಗೆಮನೆಯಲ್ಲಿ ಬೇಳೆ ಹಾಕಿಡುವಂಥದ್ದೇ ಸಾಕು. ಒಳಗೆ ಸಿಲಿಕಾ ಜೆಲ್ ಹಾಕಿ. ನೀಲಿ ಹರಳಿನದಾದರೆ ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾಯಿಸಿದರೆ ಮತ್ತೆ ನೀಲಿ. ಕಾಯಿಸಲು ಅಡುಗೆ ಪಾತ್ರೆ ಬೇಡ, ಬೇರೆ ಹಳೇ ಪಾತ್ರೆ ಇರಲಿ. ಒಂದು ಚಿಕ್ಕ ತೇವಾಂಶ ಮೀಟರ್ ಒಳಗಿಟ್ಟರೆ ಇನ್ನೂ ಒಳ್ಳೆಯದು. ನೂರಕ್ಕೆ ನಲವತ್ತರಿಂದ ಐವತ್ತರ ಒಳಗೆ ಇದ್ದರೆ ನಿಶ್ಚಿಂತೆ. ಅಕ್ಕಿ ಡಬ್ಬದಲ್ಲಿ ಲೆನ್ಸ್ ಹೂಳುವವರಿದ್ದಾರೆ. ದಯವಿಟ್ಟು ಬೇಡ, ಅಕ್ಕಿಯ ಪುಡಿ ಫೋಕಸ್ ರಿಂಗಿನ ಸಂದಿಗೆ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಆಗಾಗ ಹೊರಗೆ ತೆಗೆದು ಬಳಸಿ.

ಅಂಗಡಿಯವರು ಲೆನ್ಸಿನ ಮುಂದೆ ಯುವಿ ಫಿಲ್ಟರ್ ಅನ್ನುವ ಗಾಜು ಹಾಕಿಸಿಕೊಳ್ಳಿ ಅಂತಾರೆ.

ಅಗ್ಗದ ಫಿಲ್ಟರ್ ಹಾಕಿದರೆ ಆರತಿ, ದೀಪ ಇರುವ ಫೋಟೋದಲ್ಲಿ ಇಲ್ಲದ ಕಡೆ ಇನ್ನೊಂದು ದೀಪದ ಪ್ರತಿಬಿಂಬ ಕಾಣುತ್ತದೆ. ಅದರ ಬದಲು ಲೆನ್ಸಿನ ಮುಂದೆ ಕೂರುವ ಹುಡ್ ಅನ್ನುವ ಬಳೆ ತಗೊಳ್ಳಿ. ಅಡ್ಡ ಬೆಳಕೂ ತಡೆಯುತ್ತದೆ, ಬಿದ್ದರೆ ಮೊದಲ ಪೆಟ್ಟು ಅದೇ ತಿನ್ನುತ್ತದೆ. ಕ್ಯಾನನ್ 50 ಎಸ್‌ಟಿಎಂಗೆ ಇಎಸ್-68 ಅಂತ ಬರುತ್ತದೆ, ಡಬ್ಬದಲ್ಲಿ ಇರುವುದಿಲ್ಲ. ನಿಕಾನ್ 50 ಎಫ್/1.8ಜಿ ಜೊತೆ ಹುಡ್ ಬಂದಿರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದನ್ನೂ ಕೇಳಿ ಪಡೆಯಿರಿ.

ಫೋನಿನಲ್ಲೇ ಪೋರ್ಟ್ರೇಟ್ ಮೋಡ್ ಇದೆ. ಮತ್ತೇಕೆ ಇದೆಲ್ಲ?

ಫೋನಿನ ಬ್ಲರ್ ಸಾಫ್ಟ್‌ವೇರ್ ಹಚ್ಚಿದ ಬಣ್ಣ. ವಾಟ್ಸಾಪ್‌ಗೆ ಸಾಕು. ಜಡೆಗೆ ಮುಡಿದ ಮಲ್ಲಿಗೆ ದಂಡೆ, ಜುಮುಕಿಯ ಸಂದಿ, ಗಾಳಿಗೆ ಹಾರುವ ಮುಂಗುರುಳು ಬಂದಾಗ ಮಾತ್ರ ಅದು ತಡವರಿಸುತ್ತದೆ. ಅರ್ಧ ಹೂವು ಮುಖದ ಜೊತೆ ಉಳಿದು ಅರ್ಧ ಹಿನ್ನೆಲೆಗೆ ಹೋಗಿಬಿಡುತ್ತದೆ. ಲೆನ್ಸಿಗೆ ಯಾವುದು ಹೂವು ಯಾವುದು ಕೂದಲು ಅಂತ ಗೊತ್ತಿಲ್ಲ. ದೂರ ಒಂದೇ ಗೊತ್ತು. ಅದಕ್ಕೇ ತಪ್ಪುವುದಿಲ್ಲ.

50 ಬಂದ ಮೇಲೆ ಕಿಟ್ ಲೆನ್ಸ್ ಮಾರಿಬಿಡಲಾ?

ಬೇಡ. ಮಾರಿದರೆ ಬರುವ ದುಡ್ಡು ಎರಡು ದಿನದ ಪೆಟ್ರೋಲಿಗೆ ಸರಿಹೋಗುತ್ತದೆ. ನಾನು ಮಾರಿದ್ದೆ. ಮುಂದಿನ ತಿಂಗಳೇ ತಂಗಿಯ ಸೀಮಂತ. ಹಾಲ್ ತುಂಬ ಹೆಂಗಸರು, ನಡುವೆ ಅವಳು, ನಾನು ಬಾಗಿಲಿಗೆ ಬೆನ್ನು ಒತ್ತಿ 50 ಹಿಡಿದು ನಿಂತಿದ್ದೇನೆ. ಫ್ರೇಮಿನಲ್ಲಿ ಅವಳು, ಅಮ್ಮ, ದೊಡ್ಡಮ್ಮನ ಅರ್ಧ ಮುಖ. ಉಳಿದ ಇಪ್ಪತ್ತು ಜನರನ್ನು ಕೊನೆಗೆ ಭಾವ ಫೋನಿನಲ್ಲಿ ತೆಗೆದ.